ಎರೆ ನೆಲದಲ್ಲಿ ಬಹುಮಹಡಿ: ಮೊಬೈಲ್ ಗುಂಪಿನಲ್ಲಿ ಎಂಜಿನಿಯರ್ ಜೊತೆ ಎರಡು ದಿನದ ಪ್ರಶ್ನೋತ್ತರ, ಬಳ್ಳಾರಿ

ಸಿರುಗುಪ್ಪ ರಸ್ತೆ ನಿವಾಸಿ: ಸರ್, ಪಕ್ಕದ ನಿವೇಶನದಲ್ಲಿ ಹತ್ತು ಮಹಡಿ ಏಳಲಿದೆಯಂತೆ. ನೆಲಮಾಳಿಗೆಗೆಂದು ನಮ್ಮ ಕಾಂಪೌಂಡಿಗೆ ತಾಗಿಯೇ ಎರಡಾಳುದ್ದ ತೋಡಿದ್ದಾರೆ. ಅಮ್ಮ ಮಲಗುವ ಕೋಣೆಯ ಕಿಟಕಿ ಮೂಲೆಯಿಂದ ಗೋಡೆ ಓರೆಯಾಗಿ ಬಿರುಕು ಬಿಟ್ಟಿದೆ. ಒಂದು ರೂಪಾಯಿ ನಾಣ್ಯ ತೂರುತ್ತದೆ. ಗಾಬರಿಪಡಬೇಕೆ?

ಎಂಜಿನಿಯರ್: ಪಡಬೇಕು, ಅಕ್ಕ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ನೋಡಿರುತ್ತೀರಿ. ಅಂಥ ನೆಲವನ್ನು ಆಸರೆ ಕೊಡದೆ ನೇರವಾಗಿ ಕಡಿದರೆ ನಿಮ್ಮ ತಳಪಾಯದ ಕೆಳಗಿನ ಮಣ್ಣು ಗುಂಡಿಯ ಕಡೆಗೆ ಸರಿಯುತ್ತದೆ. ಮಳೆ ಬಿದ್ದರೆ ಇನ್ನೂ ಬೇಗ. ಬಿರುಕಿಗೆ ಸಿಮೆಂಟ್ ಮೆತ್ತಬೇಡಿ, ಅದು ಬೆಳೆಯುವುದು ಕಾಣಿಸಬೇಕು. ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗಳಲ್ಲಿ ಭದ್ರವಾಗಿ ಅಂಟಿಸಿ, ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಅಮ್ಮನ ಮಂಚವನ್ನು ಇಂದೇ ಬೇರೆ ಕೋಣೆಗೆ ಹಾಕಿ. ಪಾಲಿಕೆಗೆ ಫೋಟೊ ಸಹಿತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಮೋಕಾ ರಸ್ತೆ ಸದಸ್ಯ: ನನ್ನದು 30×40 ನಿವೇಶನ. ಎಷ್ಟು ಮಹಡಿ ಕಟ್ಟಬಹುದು?

ಎಂಜಿನಿಯರ್: ಮಣ್ಣು ಪರೀಕ್ಷೆ ಮಾಡಿಸದೆ ಹೇಳಲಾಗದು.

ಕೌಲ್ ಬಜಾರ್ ಸದಸ್ಯ: ಬಂದ ಸಂದೇಶ: ತಳಪಾಯದ ಸುತ್ತ ಕಲ್ಲುಪ್ಪು, ಸುಣ್ಣದ ನೀರು ಸುರಿದರೆ ಎರೆ ಮಣ್ಣು ಕಲ್ಲಾಗುತ್ತದೆ. ಎಲ್ಲರಿಗೂ ಕಳುಹಿಸಿ.

ಎಂಜಿನಿಯರ್: ಕಳುಹಿಸಬೇಡಿ. ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ರಸ್ತೆ ಕೆಲಸದಲ್ಲಿ ಸುಣ್ಣವನ್ನು ಅಳತೆಯಂತೆ ಮಣ್ಣಿಗೆ ಬೆರೆಸಿ ದಮ್ಮಸ್ಸು ಮಾಡುತ್ತಾರೆ, ಅದು ಬೇರೆ. ಮನೆ ಸುತ್ತ ನೀರು ಸುರಿದರೆ ಮಣ್ಣು ಉಬ್ಬುತ್ತದೆ, ಅಷ್ಟೇ. ಇದನ್ನು ಮೂರನೆಯ ಸಲ ಬರೆಯುತ್ತಿದ್ದೇನೆ.

ನಿವೃತ್ತ ಶಿಕ್ಷಕ: ಹತ್ತು ಮಹಡಿಯೇ ಬೇಡ. ನಲ್ಲಿ ನೀರಿಗೆ ಈಗಲೇ ಕಾಯುತ್ತೇವೆ. ನಲವತ್ತು ಸಂಸಾರ ಸೇರಿದರೆ?

ಬಾಡಿಗೆದಾರ: ಊರು ಮೇಲಕ್ಕೆ ಬೆಳೆಯದಿದ್ದರೆ ಮೆಣಸಿನಕಾಯಿ ಹೊಲಗಳನ್ನು ನುಂಗುತ್ತದೆ, ಮೇಷ್ಟ್ರೇ. ಸ್ವಂತ ಮನೆಯವರಿಗೆ ನಮ್ಮ ಕಷ್ಟ ತಿಳಿಯದು.

ನಿವೃತ್ತ ಶಿಕ್ಷಕ: ಮೂವತ್ತು ವರ್ಷ ಬಾಡಿಗೆ ಕಟ್ಟಿದವನು ನಾನು. ಮಾತು ಅಳೆದು ಆಡಿ.

ಬಾಡಿಗೆದಾರ: ಹಾಗಾದರೆ ಮರೆತಿದ್ದೀರಿ.

ಗೃಹಿಣಿ: ಕರೆಂಟ್ ಹೋದರೆ ಲಿಫ್ಟಿನಲ್ಲಿ ವಯಸ್ಸಾದವರ ಗತಿ?

ಇನ್ನೊಬ್ಬರು: ಫ್ಲ್ಯಾಟಿಗೆ ಮುಂಗಡ ಕೇಳುತ್ತಿದ್ದಾರೆ. ಕೊಡಲೇ?

ಎಂಜಿನಿಯರ್: ಜಾಗ 500 ಚದರ ಮೀಟರ್ ಮೀರಿ, ಫ್ಲ್ಯಾಟುಗಳು ಎಂಟಕ್ಕಿಂತ ಹೆಚ್ಚಿದ್ದರೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಯೋಜನೆಯ ನೋಂದಣಿ ಕಡ್ಡಾಯ. ಮೊದಲು ನೋಂದಣಿ ಸಂಖ್ಯೆ, ಆಮೇಲೆ ಹಣ. ಮೇಷ್ಟ್ರೇ, ಪೈಲ್, ಅಂದರೆ ಆಳದ ಕಂಬಗಳನ್ನು, ಇಳಿಸಿ ಗಟ್ಟಿ ನೆಲ ಮುಟ್ಟಿಸಿದರೆ ಎರೆಯಲ್ಲೂ ಹತ್ತು ಮಹಡಿ ನಿಲ್ಲುತ್ತದೆ. ಆಸರೆ ಗೋಡೆಯ ಖರ್ಚು ಉಳಿಸಿ ಪಕ್ಕದ ಮನೆಯನ್ನು ಬಲಿ ಕೊಡುವುದಕ್ಕೆ ನನ್ನ ವಿರೋಧ.

ಮೋಕಾ ರಸ್ತೆ ಸದಸ್ಯ: ಅಂದಾಜಾದರೂ ಹೇಳಿ, ಎರಡೋ ಮೂರೋ?

ಎಂಜಿನಿಯರ್: ಮೇಲೆ ಓದಿ. ಸಿರುಗುಪ್ಪ ರಸ್ತೆಯ ಅಕ್ಕ, ಗಾಜು ಅಂಟಿಸಿದಿರಾ?

ಸಿರುಗುಪ್ಪ ರಸ್ತೆ ನಿವಾಸಿ: ನಿನ್ನೆ ಸಂಜೆ ಅಂಟಿಸಿದೆವು. ಈಗ ನೋಡಿದರೆ ಸೀಳಿದೆ.

ಎಂಜಿನಿಯರ್: ಎಲ್ಲರೂ ಆ ಕಡೆಯ ಕೋಣೆಗಳಿಂದ ಹೊರಗೆ ಬನ್ನಿ. ವಿಳಾಸ ಕಳುಹಿಸಿ, ಹೊರಡುತ್ತಿದ್ದೇನೆ.