ಚೈನ್ ಸೆಟ್ ಬದಲಿಸಿದ ಮೇಲೆ ಹಿಂದಿನ ಆಕ್ಸಲ್ ನಿಲ್ಲುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಬದಿಯಡ್ಕದಿಂದ

ನನ್ನದು ಹಿಂದೆ ಡ್ರಮ್ ಬ್ರೇಕ್ ಇರುವ 125 ಸಿಸಿ ಬೈಕ್. ಕಳೆದ ತಿಂಗಳು ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಹೊಸದಾಗಿ ಹಾಕಿಸಿದೆ. ವಾರ ಕಳೆಯುವುದರೊಳಗೆ ಚೈನ್ ಜೋತುಬಿತ್ತು. ನೋಡಿದರೆ ಆಕ್ಸಲಿನ, ಎಂದರೆ ಚಕ್ರದ ನಡುವೆ ತೂರಿರುವ ದಂಡದ, ನಟ್ ಬರಿಗೈಯಲ್ಲೇ ತಿರುಗುತ್ತಿತ್ತು. ಗ್ಯಾರೇಜಿನವರು ಸ್ಪ್ಯಾನರಿಗೆ ಪೈಪ್ ತೂರಿಸಿ ಬಿಗಿದು ಕೊಟ್ಟರು. ಈಗ ಬ್ರೇಕ್ ಹಿಡಿಯುವಾಗ ಹಿಂದಿನಿಂದ ಟಕ್ ಎಂಬ ಶಬ್ದ ಬರುತ್ತಿದೆ. ದಿನವೂ ಚೆರ್ಕಳಕ್ಕೆ ಹೋಗಿ ಬರಬೇಕು. ಇನ್ನಷ್ಟು ಬಿಗಿ ಮಾಡಿಸಲೇ, ಬೇರೆ ಏನಾದರೂ ನೋಡಬೇಕೇ?

ಪೆರ್ಲದ ಕೃಷಿಕರೊಬ್ಬರು

ತಮ್ಮಾ, ಇನ್ನಷ್ಟು ಬಿಗಿ ಮಾಡಿಸುವುದು ಬೇಡ. ಚಕ್ರವನ್ನು ಒಮ್ಮೆ ಪೂರ್ತಿ ಬಿಚ್ಚಿ ಕ್ರಮದಲ್ಲಿ ಜೋಡಿಸಬೇಕು. ತೋಟದ ಕೆಲಸಕ್ಕೆ ಹಳೆಯ ಬೈಕ್ ಇಟ್ಟುಕೊಂಡು ಅಡಿಕೆ ಗೋಣಿ ಹೇರುವವನು ನಾನು. ಹಿಂದಿನ ಚಕ್ರದ ಕೆಲಸವನ್ನು ಅಂಗಳದಲ್ಲೇ ಮಾಡಿಕೊಳ್ಳುತ್ತೇನೆ.

ಆಕ್ಸಲನ್ನು ಹಿಡಿದು ನಿಲ್ಲಿಸುವುದು ನಟ್ಟಿನ ತಿರುಪಿನ ಹಲ್ಲುಗಳು ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಜವಾಗಿ ಹಿಡಿಯುವುದು ಒತ್ತಡ. ನಟ್ ಬಿಗಿದಾಗ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ಕವೆ) ಎರಡು ತುದಿಗಳ ನಡುವೆ ಕಾಲರ್ ಎಂಬ ಬಿಡಿ ಬಳೆ, ಬೇರಿಂಗಿನ ಒಳಬಳೆ, ಹಬ್ಬಿನೊಳಗಿನ ಉದ್ದ ಕೊಳವೆ, ಬ್ರೇಕ್ ಪ್ಲೇಟು ಇವೆಲ್ಲ ಒಂದನ್ನೊಂದು ಒತ್ತಿಕೊಂಡು ಒಂದೇ ಕಂಬವಾಗಬೇಕು. ನಡುವೆ ಎಲ್ಲಿಯಾದರೂ ಮಣ್ಣು, ತುಕ್ಕಿನ ಸಿಪ್ಪೆ ಅಥವಾ ಬಣ್ಣದ ಪದರ ಸಿಕ್ಕಿಕೊಂಡರೆ ಮೊದಲ ದಿನ ಗಟ್ಟಿಯಾಗಿಯೇ ಕಾಣುತ್ತದೆ. ನಾಲ್ಕು ಹೊಂಡ ಹಾರಿದ ಮೇಲೆ ಆ ಪದರ ಪುಡಿಯಾಗುತ್ತದೆ, ಒತ್ತಡ ಇಳಿಯುತ್ತದೆ, ಆಮೇಲೆ ನಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಚೈನ್ ಬದಲಿಸಿದ ಮೇಲೆಯೇ ಇದು ಏಕೆ ಶುರುವಾಯಿತು ಎಂದರೆ, ಸವೆದ ಚೈನ್ ಉದ್ದವಾಗಿರುತ್ತದೆ, ಹೊಸದು ಗಿಡ್ಡ. ಹಾಗಾಗಿ ಆಕ್ಸಲ್ ಮುಂದಕ್ಕೆ ಸರಿದು, ಬಹಳ ಕಾಲದಿಂದ ಯಾರೂ ಒತ್ತದ ಜಾಗದಲ್ಲಿ ಕೂರುತ್ತದೆ. ಅಲ್ಲಿ ಎರಡು ಮಳೆಗಾಲದ ಕೆಸರು ಒಣಗಿ ಅಂಟಿರುತ್ತದೆ. ಸೀಮೆಎಣ್ಣೆ ಮತ್ತು ತಂತಿಯ ಬ್ರಷ್ ಹಾಕಿ ಸ್ವಿಂಗ್ ಆರ್ಮಿನಲ್ಲಿ ಆಕ್ಸಲ್ ಕೂರುವ ಸೀಳಿನ ಒಳಗೂ ಹೊರಗೂ ಲೋಹ ಕಾಣುವಷ್ಟು ಉಜ್ಜಿ. ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಈ ಒಂದು ಕೆಲಸ ಬಿಟ್ಟು ಉಳಿದದ್ದೆಲ್ಲ ಮಾಡಿದರೂ ಪ್ರಯೋಜನವಿಲ್ಲ.

ಎರಡನೆಯದು ಸ್ಲೀವ್ ನಟ್. ಅನೇಕ ಬೈಕುಗಳಲ್ಲಿ ಚೈನ್ ಇರುವ ಬದಿಯಲ್ಲಿ ಎರಡು ನಟ್ಟುಗಳಿರುತ್ತವೆ. ಹೊರಗಿನ ಚಿಕ್ಕದು ಆಕ್ಸಲಿನದು, ಒಳಗಿನ ದೊಡ್ಡದು ಸ್ಪ್ರಾಕೆಟ್ ಇರುವ ಡ್ರಮ್ಮಿನದು. ಅವಸರದಲ್ಲಿ ಹೊರಗಿನದನ್ನು ಮಾತ್ರ ಬಿಗಿದು ಕಳುಹಿಸುವವರಿದ್ದಾರೆ. ಒಳಗಿನದು ಸಡಿಲವಿದ್ದರೆ ಸ್ಪ್ರಾಕೆಟ್ ಓಲಾಡುತ್ತದೆ, ಹೊರಗಿನದನ್ನೂ ಅಲ್ಲಾಡಿಸಿ ಬಿಡಿಸುತ್ತದೆ. ಮೊದಲು ಒಳಗಿನದು, ಆಮೇಲೆ ಹೊರಗಿನದು.

ಬಿಗಿಯುವ ಮೊದಲು ಎರಡೂ ಬದಿಯ ಚೈನ್ ಅಡ್ಜಸ್ಟರ್ (ಆಕ್ಸಲನ್ನು ಹಿಂದೆ ಮುಂದೆ ಸರಿಸುವ ತಿರುಪು) ಒಂದೇ ಗೆರೆಯಲ್ಲಿ ಇರಬೇಕು. ಸ್ವಿಂಗ್ ಆರ್ಮಿನ ಮೇಲಿನ ಗೆರೆಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಸ್ವಿಂಗ್ ಆರ್ಮ್ ತಿರುಗುವ ಬೋಲ್ಟಿನ ನಡುವಿನಿಂದ ಆಕ್ಸಲಿನ ನಡುವಿಗೆ ಎರಡೂ ಬದಿ ಟೇಪ್ ಹಿಡಿದು ಅಳೆಯುತ್ತೇನೆ. ಚೈನಿನ ಸಡಿಲ ಎಷ್ಟಿರಬೇಕೆಂದು ನಿಮ್ಮ ಬೈಕಿನ ಪುಸ್ತಕದಲ್ಲಿಯೇ ಇದೆ. ಚಿಕ್ಕ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿಯಾಗಿರುವ ಜಾಗ ಹುಡುಕಿ ಅಲ್ಲಿಯೇ ಅಳೆಯಿರಿ.

ಇನ್ನು ಹೆಚ್ಚಿನವರು ಬಿಡುವ ಕೆಲಸ. ಹಿಂದಿನ ಸ್ಪ್ರಾಕೆಟಿಗೂ ಕೆಳಗಿನ ಚೈನಿಗೂ ನಡುವೆ ಮಡಚಿದ ಬಟ್ಟೆ ಇಟ್ಟು ಚಕ್ರವನ್ನು ಮುಂದಕ್ಕೆ ತಿರುಗಿಸಿ. ಬಟ್ಟೆ ಸಿಕ್ಕಿಕೊಂಡು ಚೈನ್ ಬಿಗಿಯುತ್ತದೆ, ಆಕ್ಸಲ್ ಮುಂದಕ್ಕೆ ಎಳೆಯಲ್ಪಟ್ಟು ಎರಡೂ ಅಡ್ಜಸ್ಟರಿಗೆ ಒರಗಿ ನಿಲ್ಲುತ್ತದೆ. ಹಾಗೆ ನಿಂತಿರುವಾಗಲೇ ನಟ್ ಬಿಗಿಯಬೇಕು. ಇಲ್ಲದಿದ್ದರೆ ಆಕ್ಸಲಿಗೂ ಅಡ್ಜಸ್ಟರಿಗೂ ನಡುವೆ ಸಂದು ಉಳಿದು, ಮೊದಲ ಏರಿನಲ್ಲೇ ಚಕ್ರ ಆ ಸಂದಿನಷ್ಟು ಸರಿಯುತ್ತದೆ. ಬೆರಳು ಜೋಪಾನ. ಎಂಜಿನ್ ಚಾಲೂ ಇಟ್ಟು ಈ ಕೆಲಸ ಯಾವ ಕಾರಣಕ್ಕೂ ಬೇಡ.

ಉಪ್ಪಳದ ಮೆಕ್ಯಾನಿಕ್ ಒಬ್ಬರು

ಪೆರ್ಲದ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ನೀವು ಬರೆದ ಒಂದು ಮಾತನ್ನು ಅವರು ಬಿಟ್ಟಿದ್ದಾರೆ. ಶಬ್ದ ಬರುವುದು ಬ್ರೇಕ್ ಹಿಡಿಯುವಾಗ ಮಾತ್ರವೆಂದರೆ ನಾನು ಮೊದಲು ನೋಡುವುದು ಟಾರ್ಕ್ ಆರ್ಮನ್ನು. ಡ್ರಮ್ಮಿನ ಬ್ರೇಕ್ ಪ್ಲೇಟಿನಿಂದ ಸ್ವಿಂಗ್ ಆರ್ಮಿಗೆ ಹೋಗುವ ಕಬ್ಬಿಣದ ಪಟ್ಟಿ ಅದು. ಬ್ರೇಕ್ ಹಿಡಿದಾಗ ಪ್ಲೇಟು ಚಕ್ರದ ಜೊತೆ ತಿರುಗದಂತೆ ತಡೆಯುವುದು ಅದೊಂದೇ. ಚೈನ್ ಬಿಗಿ ಮಾಡುವಾಗ ಅದರ ನಟ್ಟನ್ನು ಸಡಿಲಿಸಬೇಕಾಗುತ್ತದೆ. ಮರಳಿ ಬಿಗಿಯಲು ಮರೆತರೆ ಅಥವಾ ಪಿನ್ ಹಾಕದೆ ಬಿಟ್ಟರೆ ಒಂದು ದಿನ ನಟ್ ಬಿದ್ದು, ಪ್ಲೇಟು ಗಿರಕಿ ಹೊಡೆದು ಬ್ರೇಕ್ ರಾಡನ್ನು ಸುತ್ತಿಕೊಂಡು ಚಕ್ರ ಲಾಕ್ ಆಗುತ್ತದೆ. ಅದನ್ನು ನೋಡದೆ ನಾಳೆ ಬೆಳಿಗ್ಗೆ ಬೈಕ್ ಹತ್ತಬೇಡಿ.

ಪೈಪಿನ ವಿಷಯ. ನಮ್ಮನ್ನು ಬೈಯುವುದು ಸುಲಭ. ಸಂಜೆ ಐದು ಗಂಟೆಗೆ ಅಂಗಡಿಯ ಮುಂದೆ ಆರು ಬೈಕ್ ನಿಂತಿರುವಾಗ ಅಳತೆಗೆ ಬಿಗಿಯುವ ಟಾರ್ಕ್ ರೆಂಚ್ ಹುಡುಕುವವರು ಕಡಿಮೆ. ಆದರೂ ಲೆಕ್ಕ ತಿಳಿದಿರಲಿ. ಚಿಕ್ಕ ಬೈಕುಗಳ ಹಿಂದಿನ ಆಕ್ಸಲಿಗೆ ಕಂಪನಿಗಳು ಹೇಳುವುದು ಹೆಚ್ಚುಕಡಿಮೆ 55ರಿಂದ 100 ನ್ಯೂಟನ್ ಮೀಟರ್. ನಿಮ್ಮದಕ್ಕೆ 70 ಎಂದಿಟ್ಟುಕೊಂಡರೆ, 30 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 24 ಕಿಲೊ ಭಾರದಷ್ಟು ಎಳೆದರೆ ಸಾಕು. ಒಳ್ಳೆಯ ರಿಂಗ್ ಸ್ಪ್ಯಾನರ್ ಮತ್ತು ಒಂದು ಕೈ. 60 ಸೆಂಟಿಮೀಟರಿನ ಪೈಪ್ ಹಾಕಿ 50 ಕಿಲೊ ಎಳೆದರೆ 300ರ ಹತ್ತಿರ ಹೋಗುತ್ತದೆ, ಎಂದರೆ ಬೇಕಾದುದರ ನಾಲ್ಕು ಪಟ್ಟು. ಆಕ್ಸಲಿನ ಹಲ್ಲು ಎಳೆದುಕೊಂಡು ಹಾಳಾಗುತ್ತದೆ, ಮತ್ತೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ನಿಮ್ಮದಕ್ಕೆ ಈಗಾಗಲೇ ಪೈಪ್ ಬಿದ್ದಿರುವುದರಿಂದ ನಟ್ ತೆಗೆದು ಹಲ್ಲು ನೋಡಿ. ಸಂಶಯವಿದ್ದರೆ ಆಕ್ಸಲ್ ಮತ್ತು ನಟ್ ಎರಡನ್ನೂ ಬದಲಿಸಿ. ಅದಕ್ಕೆ ತಗಲುವ ಹಣ ಚೈನ್ ಸೆಟ್ಟಿನಷ್ಟಿಲ್ಲ.

ನಟ್ಟಿನ ಒಳಗೆ ಪ್ಲಾಸ್ಟಿಕ್ ಉಂಗುರವಿದ್ದರೆ ಅದು ನೈಲಾಕ್. ಉಂಗುರದ ಭಾಗ ಹಲ್ಲಿಗೆ ಸಿಕ್ಕ ಮೇಲೂ ಕೈಬೆರಳಲ್ಲಿ ತಿರುಗಿದರೆ ಅದರ ಆಯುಸ್ಸು ಮುಗಿದಂತೆ. ನೀವು ಬರೆದುದನ್ನು ನೋಡಿದರೆ ನಿಮ್ಮದು ಅದೇ ಇರಬಹುದು. ಸ್ಪ್ಲಿಟ್ ಪಿನ್ ಇರುವ ನಟ್ಟಾದರೆ ಪ್ರತಿ ಸಲ ಹೊಸ ಪಿನ್. ಆಕ್ಸಲಿನ ತೂತಿಗೆ ನಟ್ಟಿನ ಸೀಳು ಸರಿಹೊಂದದಿದ್ದರೆ ನಟ್ಟನ್ನು ಬಿಗಿಯುವ ಕಡೆಗೇ ತುಸು ತಿರುಗಿಸಿ ಹೊಂದಿಸಿ, ಹಿಂದಕ್ಕೆ ಸಡಿಲಿಸಿ ಅಲ್ಲ. ಪಿನ್ ಬದಲು ಮೊಳೆ, ಕಟ್ಟುವ ತಂತಿ ಹಾಕಿರುವುದನ್ನು ಕಂಡು ಕಂಡು ನನಗೆ ಸಾಕಾಗಿದೆ.

ಕುಂಬಳೆಯ ಕಡಲ ಬದಿಯಿಂದ

ನಮ್ಮ ಮನೆಗೆ ಉಪ್ಪುಗಾಳಿ ನೇರವಾಗಿ ಹೊಡೆಯುತ್ತದೆ. ಇಲ್ಲಿ ತೊಂದರೆ ತಿರುಗುಮುರುಗು: ಆಕ್ಸಲ್ ಬೇರಿಂಗಿಗೆ ತುಕ್ಕು ಹಿಡಿದು ಅಂಟಿಕೊಂಡು ಹೊರಗೇ ಬರುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದು ತೆಗೆದವರು ಹಲ್ಲನ್ನೂ ಚಪ್ಪಟೆ ಮಾಡಿರುತ್ತಾರೆ. ಹಾಕುವಾಗ ಆಕ್ಸಲಿನ ನಯವಾದ ಭಾಗಕ್ಕೆ ತೆಳುವಾಗಿ ಗ್ರೀಸ್ ಸವರಿ. ಹಲ್ಲಿಗೆ ಗ್ರೀಸ್ ಬೇಡ, ಏಕೆಂದರೆ ಜಾರುವ ಹಲ್ಲಿನ ಮೇಲೆ ಅದೇ ಅಳತೆಗೆ ಬಿಗಿದರೂ ಎಳೆತ ಹೆಚ್ಚಾಗುತ್ತದೆ. ಕಾಲರುಗಳು ಎಡಬಲ ಒಂದೇ ಅಳತೆಯವಲ್ಲ. ಬಿಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಮುಳ್ಳೇರಿಯದ ಶಿಕ್ಷಕಿಯೊಬ್ಬರು

ಬೈಕ್ ಬಿಚ್ಚಲು ನನಗೆ ಬಾರದು, ನೋಡಲು ಬರುತ್ತದೆ. ಕೆಲಸ ಮುಗಿದ ಕೂಡಲೇ ನಟ್ಟಿನಿಂದ ಆಕ್ಸಲಿನ ತುದಿಯವರೆಗೆ ಉಗುರಿನ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯುತ್ತೇನೆ. ಟಾರ್ಕ್ ಆರ್ಮಿನ ನಟ್ಟಿಗೂ ಹಾಗೆಯೇ. ಗೆರೆ ಮುರಿದು ಕಂಡರೆ ನಟ್ ತಿರುಗಿದೆ ಎಂದರ್ಥ, ನೇರ ಗ್ಯಾರೇಜಿಗೆ. ಮೆಕ್ಯಾನಿಕ್ ಮೊದಲು ನಕ್ಕರು, ಈಗ ಅವರೇ ಬಿಳಿ ಪೇಂಟ್ ಇಟ್ಟುಕೊಂಡಿದ್ದಾರೆ. ಹೊಸ ಚೈನ್ ಮೊದಲ ದಿನಗಳಲ್ಲಿ ತುಸು ಸಡಿಲವಾಗುವುದು ಸಹಜವಂತೆ. ಹಾಗಾಗಿ ಚೈನ್ ಜೋತುಬಿದ್ದ ಮಾತ್ರಕ್ಕೆ ಆಕ್ಸಲ್ ಸರಿದಿದೆ ಎಂದು ಹೆದರಬೇಕಿಲ್ಲ. ಗೆರೆ ನೋಡಿದರೆ ಯಾವುದು ಎಂದು ತಿಳಿಯುತ್ತದೆ.

ಉಪ್ಪಳದ ಮೆಕ್ಯಾನಿಕ್, ಮತ್ತೊಮ್ಮೆ

ಅಕ್ಕ ಹೇಳಿದ್ದು ಸರಿ. ಬರೆಯಲು ಬಿಟ್ಟ ಇನ್ನೊಂದು: ಚಕ್ರ ಮುಂದೆ ಬಂದರೆ ಬ್ರೇಕ್ ರಾಡ್ ಸಡಿಲವಾಗಿ ಪೆಡಲ್ ಆಳಕ್ಕೆ ಇಳಿಯುತ್ತದೆ. ಮುಂದೆ ಚೈನ್ ಬಿಗಿ ಮಾಡಿ ಚಕ್ರ ಹಿಂದೆ ಹೋದಾಗ ಬ್ರೇಕ್ ತಾನಾಗಿ ಹಿಡಿದುಕೊಂಡು ಡ್ರಮ್ ಕಾಯುತ್ತದೆ. ಎರಡೂ ಸಲ ರಾಡಿನ ತುದಿಯ ನಟ್ ಹೊಂದಿಸಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ಹಿಂದೆ ಡಿಸ್ಕ್ ಬ್ರೇಕ್ ಇರುವವರು ಕ್ಯಾಲಿಪರಿನ ಬ್ರಾಕೆಟ್ ತನ್ನ ಜಾಗದಲ್ಲಿ ಕೂತಿದೆಯೇ ನೋಡಿಕೊಂಡು, ಬೈಕ್ ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ.