13 ಡಿಗ್ರಿ ಅಕ್ಷಾಂಶಕ್ಕೆ ಇಳಿಯದ ಈಕ್ವಟೋರಿಯಲ್ ಮೌಂಟ್

ಪ್ರಶ್ನೆ:
ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ 130 ಮಿ.ಮೀ. ನ್ಯೂಟೋನಿಯನ್ ದೂರದರ್ಶಕವನ್ನು ಮೋಟಾರು ಸಹಿತವಾದ ಈಕ್ವಟೋರಿಯಲ್ ಮೌಂಟ್ (ಧ್ರುವದತ್ತ ನೆಟ್ಟ ಅಕ್ಷದ ಸುತ್ತ ತಿರುಗುತ್ತ ನಕ್ಷತ್ರಗಳನ್ನು ಹಿಂಬಾಲಿಸುವ ಆಧಾರ) ಮೇಲೆ ಕೂರಿಸಿದ್ದೇನೆ. ಆ ಅಕ್ಷದ ಓರೆಯನ್ನು ಊರಿನ ಅಕ್ಷಾಂಶಕ್ಕೆ ಹೊಂದಿಸುವ ತಿರುಪು 20 ಡಿಗ್ರಿಗಿಂತ ಕೆಳಗೆ ಇಳಿಯುತ್ತಿಲ್ಲ; ನಮ್ಮೂರಿಗೆ ಬೇಕಾದದ್ದು 13. ದೂರದರ್ಶಕದ ಭಾರವನ್ನು ಸರಿದೂಗಿಸುವ ಕೌಂಟರ್‌ವೇಟ್ ದಂಡವು ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆಯನ್ನು 30 ಸೆಕೆಂಡು ಚಿತ್ರಿಸಿದರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಪಕ್ಕದ ಮನೆಯ ನೀರಿನ ಟ್ಯಾಂಕು ಧ್ರುವ ನಕ್ಷತ್ರವನ್ನು ಮರೆಮಾಡಿದೆ. ಮೌಂಟ್ ದೋಷಪೂರಿತವೇ?

ಉತ್ತರ:
ದೋಷವೇನಿಲ್ಲ ಸರ್. ಧ್ರುವ ನಕ್ಷತ್ರವು 40–50 ಡಿಗ್ರಿ ಎತ್ತರದಲ್ಲಿರುವ ನಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂತಹ ಮೌಂಟ್‌ಗಳನ್ನು ರೂಪಿಸುತ್ತಾರೆ. (ತಮಿಳುನಾಡಿನ ಕಾವಲೂರಿನ 2.34 ಮೀಟರ್ ವೈನು ಬಾಪು ದೂರದರ್ಶಕಕ್ಕೆ ಕೆಳ ಅಕ್ಷಾಂಶಕ್ಕೆ ಒಗ್ಗುವ ಕುದುರೆಲಾಳದ ಆಕಾರದ ಮೌಂಟನ್ನೇ ಆರಿಸಿಕೊಂಡಿದ್ದಾರೆ.) ಆದರೆ 7 ಡಿಗ್ರಿ ವ್ಯತ್ಯಾಸವು ಸಣ್ಣದಲ್ಲ: ಪೂರ್ವ ದಿಕ್ಕಿನ ನಕ್ಷತ್ರವೊಂದು ನಿಮಿಷಕ್ಕೆ ಸುಮಾರು 110 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ), ಅಂದರೆ ಗುರುಗ್ರಹದ ಬಿಂಬದ ಎರಡು ಪಟ್ಟಿಗೂ ಹೆಚ್ಚು, ಪಕ್ಕಕ್ಕೆ ಸರಿದುಬಿಡುತ್ತದೆ.

ಮೊದಲು ಟ್ರೈಪಾಡನ್ನು ತಿರುಗಿಸಿ, ಒಂದು ಕಾಲು ದಕ್ಷಿಣಕ್ಕೂ ಉಳಿದೆರಡು ಉತ್ತರದ ಇಕ್ಕೆಲಗಳಿಗೂ ಬರುವಂತೆ ನಿಲ್ಲಿಸಿ. ಮೌಂಟಿನ ತಲೆ ಮಾತ್ರ ಉತ್ತರಕ್ಕೇ ಮುಖ ಮಾಡಿರಲಿ. ಆಗ ಕೌಂಟರ್‌ವೇಟ್ ದಂಡವು ಎರಡು ಕಾಲುಗಳ ನಡುವಿನ ತೆರವಿನಲ್ಲಿ ಓಡಾಡುತ್ತದೆ. ದಕ್ಷಿಣದ ಕಾಲಿನ ಪಾದದಿಂದ ಉಳಿದೆರಡರ ನಡುವಿನ ರೇಖೆಗೆ 80 ಸೆಂ.ಮೀ. ಇದ್ದರೆ, ಆ ಕಾಲಿನ ಕಡೆಯನ್ನು ಸುಮಾರು 10 ಸೆಂ.ಮೀ. ಎತ್ತರಿಸಿದಾಗ ಧ್ರುವಾಕ್ಷವು 7 ಡಿಗ್ರಿ ತಗ್ಗುತ್ತದೆ. ಭಾರ ಉತ್ತರಕ್ಕೆ ವಾಲುವುದರಿಂದ ಕಾಲುಗಳನ್ನು ಅಗಲವಾಗಿ ಹರಡಿ.

ಧ್ರುವ ನಕ್ಷತ್ರ ಕಾಣದಿದ್ದರೂ ನಡೆಯುತ್ತದೆ: ಬೇರೆ ನಕ್ಷತ್ರವೊಂದು ಯಾವ ಕಡೆಗೆ ಜರುಗುತ್ತದೆ ಎಂಬುದನ್ನು ಪರೀಕ್ಷಿಸಿ ಅಕ್ಷವನ್ನು ಸರಿಪಡಿಸಬಹುದು. ಜನವರಿ ಕೊನೆಯ ವಾರದಲ್ಲಿ ರಾತ್ರಿ 9:30ರ ಹೊತ್ತಿಗೆ ಮಹಾವ್ಯಾಧನ ಸೊಂಟಪಟ್ಟಿಯ ಮಿಂಟಕ ನಕ್ಷತ್ರವು ದಕ್ಷಿಣೋತ್ತರ ರೇಖೆಯ ಮೇಲಿರುತ್ತದೆ. ಅದು ಖಗೋಳ ಸಮಭಾಜಕಕ್ಕೆ (ಭೂಮಧ್ಯರೇಖೆಯ ನೇರ ಮೇಲಿನ ಆಕಾಶದ ರೇಖೆಗೆ) ಬಹುತೇಕ ಅಂಟಿಕೊಂಡಿರುವುದರಿಂದ ಈ ಪರೀಕ್ಷೆಗೆ ಅದಕ್ಕಿಂತ ಅನುಕೂಲವಾದುದಿಲ್ಲ. ಮೋಟಾರು ಓಡುತ್ತಿರುವಾಗ ಅದು ದಕ್ಷಿಣಕ್ಕೆ ಜರುಗಿದರೆ ಅಕ್ಷವು ಪೂರ್ವಕ್ಕೆ ತಿರುಗಿದೆ ಎಂದೂ, ಉತ್ತರಕ್ಕೆ ಜರುಗಿದರೆ ಪಶ್ಚಿಮಕ್ಕೆ ತಿರುಗಿದೆ ಎಂದೂ ತಿಳಿಯಿರಿ. ಬಳಿಕ ಪೂರ್ವದಲ್ಲಿರುವ ಆಲ್ಫಾರ್ಡ್ ನಕ್ಷತ್ರವನ್ನು ಹಿಡಿಯಿರಿ: ಅದು ದಕ್ಷಿಣಕ್ಕೆ ಜರುಗಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜರುಗಿದರೆ ಎತ್ತರವಾಗಿದೆ.

ಪ್ರಶ್ನೆ:
ನ್ಯೂಟೋನಿಯನ್ನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆಯಲ್ಲ, ಉತ್ತರ ಯಾವುದೆಂದು ತಿಳಿಯುವುದು ಹೇಗೆ?

ಉತ್ತರ:
ಕೊಳವೆಯ ಬಾಯನ್ನು ಕೈಯಿಂದ ತುಸು ಉತ್ತರಕ್ಕೆ ಒತ್ತಿ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಹೊಸ ನಕ್ಷತ್ರಗಳು ಯಾವ ಅಂಚಿನಿಂದ ಒಳಬರುತ್ತವೆಯೋ ಅದೇ ಉತ್ತರ.

ಪ್ರಶ್ನಿಸಿದವರು:
ನಿನ್ನೆ ಮಿಂಟಕ ದಕ್ಷಿಣಕ್ಕೆ ಜರುಗುತ್ತಿತ್ತು. ಮೌಂಟನ್ನು ಪಶ್ಚಿಮಕ್ಕೆ ಮೂರು ಬಾರಿ ಸ್ವಲ್ಪ ಸ್ವಲ್ಪವೇ ತಿರುಗಿಸಿದ ಮೇಲೆ ನಿಂತಿತು. 30 ಸೆಕೆಂಡಿನ ಚಿತ್ರದಲ್ಲಿ ನಕ್ಷತ್ರಗಳೀಗ ಚುಕ್ಕಿಗಳಾಗಿಯೇ ಇವೆ. ಐಪೀಸ್ ಇಡುವ ತಟ್ಟೆ ಮಾತ್ರ ಓರೆಯಾಗಿರುವುದರಿಂದ ಅವನ್ನು ಡಬ್ಬಿಯಲ್ಲಿಯೇ ಇಟ್ಟುಕೊಳ್ಳಬೇಕಾಗಿದೆ.