ಅಪ್‌ಡೇಟ್: ಹಳೇ ಕಂಪ್ಯೂಟರಿಗೆ 320 ಜಿಬಿ ಡಿಸ್ಕ್ ಕೊನೆಗೂ ಸಿಕ್ತು

ಹೋದ ವಾರ ಕೇಳಿದ್ದೆನಲ್ಲ, ತೋಟದ ಲೆಕ್ಕ ಇರುವ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ 320 ಜಿಬಿಯ ಐಡಿಇ (ಅಗಲ ಪಟ್ಟಿ ಕೇಬಲ್‌ನ ಹಳೇ ಬಗೆಯ) ಡಿಸ್ಕ್ ಹಾಕಿದರೆ 128 ಮಾತ್ರ ತೋರಿಸುತ್ತದೆ ಅಂತ. ಈಗ ಪೂರ್ತಿ ಬಂದಿದೆ.

ಮೊದಲು ಜಂಪರ್ (ಡಿಸ್ಕಿನ ಹಿಂದಿನ ಪಿನ್‌ಗಳಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್) ಬದಲಿಸಲು ಹೇಳಿದವರ ಮಾತು ಕೇಳಿದೆ. ಆಗ 32 ಜಿಬಿಗೆ ಇಳಿಯಿತು! ಅದು ಇನ್ನೂ ಹಳೇ ಮದರ್‌ಬೋರ್ಡುಗಳಿಗಾಗಿ ಡಿಸ್ಕನ್ನು ಬೇಕೆಂದೇ ಚಿಕ್ಕದಾಗಿ ತೋರಿಸುವ ಜಂಪರ್ ಅಂತೆ. ವಾಪಸ್ ಹಾಕಿದೆ. ಬಯೋಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಅಪ್‌ಡೇಟ್ ಹುಡುಕಿದೆ, ನನ್ನ ಬೋರ್ಡಿಗೆ ಸಿಗಲಿಲ್ಲ. ಸಿಕ್ಕಿದ್ದರೂ ಮಡಿಕೇರಿಯ ಈ ಮಳೆಯಲ್ಲಿ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದಾಗ, ಬಯೋಸ್ ಮುಟ್ಟುವ ಧೈರ್ಯ ನನಗಿರಲಿಲ್ಲ.

ಕೆಲಸ ಮಾಡಿದ್ದು ಪಿಸಿಐ ಐಡಿಇ ಕಾರ್ಡ್, ಅಂದರೆ ಬೋರ್ಡಿನ ಪಿಸಿಐ ಸ್ಲಾಟಿಗೆ ಸಿಕ್ಕಿಸಿ ಡಿಸ್ಕ್ ಜೋಡಿಸುವ ಕಾರ್ಡ್. ಗೋಣಿಕೊಪ್ಪಲಿನ ಅಣ್ಣ ಹೇಳಿದ್ದು ಅದೇ. ಕಾರ್ಡಿಗೆ ತನ್ನದೇ ಬಯೋಸ್ ಇರುತ್ತದೆ, ಹಾಗಾಗಿ ಬೋರ್ಡಿನ ಮಿತಿ ಅಡ್ಡ ಬರುವುದಿಲ್ಲ. ಹಳೇ 40 ಜಿಬಿ ಡಿಸ್ಕಿನಿಂದಲೇ ಬೂಟ್, ಹೊಸದು ಕಾರ್ಡಿಗೆ. ಡ್ರೈವರ್ ಹಾಕಿ, ಫಾರ್ಮ್ಯಾಟ್ ಮಾಡಿದೆ, ಅಷ್ಟೇ. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ (ಮೈಕ್ರೋಸಾಫ್ಟ್‌ನ ದೊಡ್ಡ ಅಪ್‌ಡೇಟ್) 1 ಅಥವಾ ಮುಂದಿನದು ಇರಲೇಬೇಕು. ನನ್ನದರಲ್ಲಿ 2 ಇತ್ತು.

ತಮಾಷೆ ಏನೆಂದರೆ, ಡಬ್ಬದ ಮೇಲೆ 320, ವಿಂಡೋಸ್‌ನಲ್ಲಿ 298. ಮೋಸ ಅಂದುಕೊಂಡೆ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. ಆ 128 ಕೂಡ ಹಾಗೇ, ಡಿಸ್ಕ್ ಲೆಕ್ಕದಲ್ಲಿ 137. ಹಳೇ ಬೋರ್ಡಿಗೆ ಡಿಸ್ಕಿನ ಸೆಕ್ಟರುಗಳನ್ನು (ತುಣುಕುಗಳನ್ನು) 28 ಬಿಟ್‌ನ ಸಂಖ್ಯೆಯವರೆಗಷ್ಟೇ ಎಣಿಸಲು ಬರುತ್ತಿತ್ತು, ಒಂದೊಂದು 512 ಬೈಟ್.

ಕಾಫಿ ಕುಯ್ಲಿನ ಹಳೇ ಲೆಕ್ಕ ಈಗ ಕಾಪಿ ಆಗ್ತಾ ಇದೆ. ನಿಧಾನ, ಆದ್ರೂ ಆಗ್ತಾ ಇದೆ.